ಗರ್ಭನಿರೋಧಕ ಹಾರ್ಮೋನುಗಳು ಮತ್ತು ಇತರ ಔಷಧಗಳು: ಕುಟುಂಬಗಳು ತಿಳಿದಿರಬೇಕಾದ ಸಂಗತಿಗಳು

ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುವ ಮಾಲಾ-ಎನ್ ಮಾತ್ರೆಯಲ್ಲಿ ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟಿನ್ ಎಂಬ ಎರಡು ಬಗೆಯ ಹಾರ್ಮೋನುಗಳಿವೆ. 28 ಮಾತ್ರೆಗಳ ಪಟ್ಟಿಯಲ್ಲಿ 21 ಹಾರ್ಮೋನಿನವು. ಉಳಿದ 7 ಕಬ್ಬಿಣಾಂಶದವು. ಮೂರು ತಿಂಗಳಿಗೊಮ್ಮೆ ನೀಡುವ ಅಂತರಾ ಚುಚ್ಚುಮದ್ದಿನಲ್ಲಿ ಪ್ರೊಜೆಸ್ಟಿನ್ ಮಾತ್ರ ಇದೆ. ಇವುಗಳನ್ನು ಬಳಸುವ ಮಹಿಳೆಯು ಬೇರೊಂದು ಕಾಯಿಲೆಗೆ ಔಷಧ ಸೇವಿಸುತ್ತಿದ್ದರೆ, ಒಂದು ಇನ್ನೊಂದರ ಪರಿಣಾಮವನ್ನು ಕುಗ್ಗಿಸುವ ಸಾಧ್ಯತೆಯಿದೆ.

ಕ್ಷಯರೋಗ

ಕ್ಷಯದ ಮುಖ್ಯ ಔಷಧವಾದ ರಿಫಾಂಪಿಸಿನ್ ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸುತ್ತದೆ. ಆಗ ಹಾರ್ಮೋನು ದೇಹದಲ್ಲಿ ಉಳಿಯಬೇಕಾದಷ್ಟು ಕಾಲ ಉಳಿಯುವುದಿಲ್ಲ. ಒಂದು ದಿನವೂ ತಪ್ಪದೆ ಮಾತ್ರೆ ನುಂಗಿದರೂ ಗರ್ಭ ನಿಲ್ಲಬಹುದು. ತುರ್ತು ಗರ್ಭನಿರೋಧಕ ಮಾತ್ರೆಯ ಪರಿಣಾಮವೂ ಕುಗ್ಗುತ್ತದೆ. 6 ತಿಂಗಳ ಸಾಮಾನ್ಯ ಚಿಕಿತ್ಸೆಯುದ್ದಕ್ಕೂ ಈ ಔಷಧವಿರುತ್ತದೆ. ಚಿಕಿತ್ಸೆ ಮುಗಿದ ಬಳಿಕವೂ 4 ವಾರ ಇದರ ಪ್ರಭಾವ ಉಳಿಯುತ್ತದೆ. ಕಾಪರ್-ಟಿ ಮತ್ತು ಅಂತರಾ ಚುಚ್ಚುಮದ್ದಿಗೆ ಈ ತೊಂದರೆಯಿಲ್ಲ. ಬದಲಿಸಬೇಕಾದುದು ಗರ್ಭನಿರೋಧಕ ವಿಧಾನವನ್ನೇ ಹೊರತು ಕ್ಷಯದ ಔಷಧವನ್ನಲ್ಲ.

ಮೂರ್ಛೆರೋಗ

ಫೆನಿಟಾಯಿನ್, ಕಾರ್ಬಮಜೆಪಿನ್, ಫಿನೋಬಾರ್ಬಿಟೋನ್ ಔಷಧಗಳೂ ಇದೇ ರೀತಿ ಮಾತ್ರೆಯ ಪರಿಣಾಮವನ್ನು ಕುಗ್ಗಿಸುತ್ತವೆ. ಲ್ಯಾಮೊಟ್ರಿಜಿನ್ ವಿಷಯದಲ್ಲಿ ನಡೆಯುವುದು ಇದಕ್ಕೆ ವಿರುದ್ಧ: ಈಸ್ಟ್ರೋಜೆನ್ ಆ ಔಷಧದ ಪ್ರಮಾಣವನ್ನೇ ರಕ್ತದಲ್ಲಿ ತಗ್ಗಿಸುವುದರಿಂದ ಮೂರ್ಛೆ ಮರುಕಳಿಸಬಹುದು. ವಾಲ್ಪ್ರೊಯೇಟ್ ಗರ್ಭನಿರೋಧಕವನ್ನು ಬಾಧಿಸದು. ಆದರೆ ಅದು ಭ್ರೂಣಕ್ಕೆ ಹಾನಿಕರವಾದುದರಿಂದ, ಅದನ್ನು ಸೇವಿಸುವವರಿಗೆ ಭರವಸೆಯ ವಿಧಾನ ಅತ್ಯಗತ್ಯ.

ಸಾಮಾನ್ಯ ಆಂಟಿಬಯೋಟಿಕ್‌ಗಳು

ಅಮಾಕ್ಸಿಸಿಲಿನ್‌ನಂತಹ ಔಷಧಗಳು ಮಾತ್ರೆಯನ್ನು ನಿಷ್ಫಲಗೊಳಿಸುವುದಿಲ್ಲ. ಆದರೆ ಮಾತ್ರೆ ನುಂಗಿದ 2 ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ಮಾತ್ರೆ ತೆಗೆದುಕೊಳ್ಳಬೇಕು.

ಈಸ್ಟ್ರೋಜೆನ್ ಮಾತ್ರೆ ಯಾರಿಗೆ ತಕ್ಕುದಲ್ಲ?

• ರಕ್ತದೊತ್ತಡ 140/90 ಅಥವಾ ಅದಕ್ಕಿಂತ ಹೆಚ್ಚಿರುವವರು
• ಕಾಲಿನ ಅಥವಾ ಶ್ವಾಸಕೋಶದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದವರು, ಪಾರ್ಶ್ವವಾಯು ಅಥವಾ ಹೃದಯಾಘಾತಕ್ಕೊಳಗಾದವರು
• ಕಣ್ಣೆದುರು ಮಿಂಚು ಅಥವಾ ಅಂಕುಡೊಂಕು ಗೆರೆ ಕಾಣಿಸಿ ಆರಂಭವಾಗುವ ಅರೆತಲೆನೋವುಳ್ಳವರು
• 35 ವರ್ಷ ದಾಟಿದ ಧೂಮಪಾನಿಗಳು
• ತೀವ್ರ ಯಕೃತ್ತಿನ ಕಾಯಿಲೆ ಅಥವಾ ಸ್ತನ ಕ್ಯಾನ್ಸರ್ ಇರುವವರು
• ಹೆರಿಗೆಯಾಗಿ 6 ತಿಂಗಳು ತುಂಬದ, ಎದೆಹಾಲುಣಿಸುವ ತಾಯಂದಿರು

ಮಾತ್ರೆ ಸೇವಿಸುವಾಗ ಒಂದು ಕಾಲಿನಲ್ಲಿ ಊತ ಮತ್ತು ನೋವು, ಎದೆನೋವು, ಉಸಿರಾಟದ ತೊಂದರೆ, ಹಠಾತ್ ತೀವ್ರ ತಲೆನೋವು ಅಥವಾ ದೃಷ್ಟಿ ಮಂಕಾಗುವುದು ಕಂಡುಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ವೈದ್ಯರಿಗೆ ತಿಳಿಸುವ ಬಗೆ

ಕ್ಷಯದ ಔಷಧ ಒಂದೆಡೆ, ಗರ್ಭನಿರೋಧಕ ಇನ್ನೊಂದೆಡೆ ದೊರೆಯುವುದರಿಂದ ಒಬ್ಬರು ಕೊಟ್ಟುದು ಮತ್ತೊಬ್ಬರಿಗೆ ತಿಳಿಯದೆ ಹೋಗಬಹುದು. ಗಡಿನಾಡಿನ ಆಸ್ಪತ್ರೆಗಳಲ್ಲಿ ವೈದ್ಯರ ಭಾಷೆ ನಮ್ಮದಲ್ಲದಿದ್ದರೆ ವಿವರಿಸುವುದು ಇನ್ನಷ್ಟು ಕಷ್ಟ. ಆದುದರಿಂದ ಮನೆಯಲ್ಲಿ ಸೇವಿಸುತ್ತಿರುವ ಎಲ್ಲ ಔಷಧಗಳ ಪಟ್ಟಿಗಳನ್ನೂ ಹಳೆಯ ಚೀಟಿಗಳನ್ನೂ ಜೊತೆಗೊಯ್ದು ತೋರಿಸುವುದು ಉತ್ತಮ. ವೈದ್ಯರ ಸಲಹೆಯಿಲ್ಲದೆ ಯಾವ ಔಷಧವನ್ನೂ ತಾವಾಗಿ ನಿಲ್ಲಿಸಬಾರದು.