ಪಹಣಿಯ ಪೂರ್ವಾಪರ

ನಮ್ಮ ನಾಡಿನ ಚರಿತ್ರೆಯನ್ನು ಬರೆಯುವವರು ಅರಸರ ದಂಡಯಾತ್ರೆಗಳನ್ನೂ ದೇವಾಲಯಗಳ ಶಿಲ್ಪವನ್ನೂ ವಿಸ್ತಾರವಾಗಿ ವರ್ಣಿಸುವರು. ಆದರೆ ಒಕ್ಕಲಿಗನ ಹೊಲಕ್ಕೆ ಸಾಕ್ಷಿಯಾಗಿ ನಿಂತ ಬರಹದ ಚರಿತ್ರೆಯನ್ನು ವಿಚಾರಿಸಿದವರು ವಿರಳ. ಇಂದು ಆ ಬರಹಕ್ಕೆ ಪಹಣಿಯೆಂದು ಹೆಸರು. ಸರಕಾರದ ‘ಭೂಮಿ’ ಎಂಬ ವ್ಯವಸ್ಥೆಯಿಂದಾಗಿ, ಮೊಬೈಲಿನಲ್ಲಿ ಊರಿನ ಹೆಸರನ್ನೂ ಸರ್ವೆ ನಂಬರನ್ನೂ ಒತ್ತಿದೊಡನೆ ಅದು ಮನೆಯಲ್ಲಿ ಕುಳಿತವನ ಕಣ್ಣೆದುರಿಗೆ ಬರುವುದು. ನಿತ್ಯಜೀವನಕ್ಕೆ ಒದಗಿರುವ ನೂತನ ಸೌಕರ್ಯಗಳಲ್ಲಿ ಹಳ್ಳಿಗನಿಗೆ ಇದರಷ್ಟು ಹತ್ತಿರವಾದವು ಕೆಲವೇ. ಈ ಸೌಕರ್ಯವು ಹೇಗೆ ಬಂದಿತು, ಇದರಿಂದ ಯಾವ ಕಷ್ಟವು ಕಳೆಯಿತು, ಯಾವುದು ಇನ್ನೂ ಉಳಿದಿದೆ ಎಂಬುದನ್ನು ಸಂಕ್ಷೇಪವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶ.

ಮೊದಲು ಶಬ್ದಾರ್ಥವನ್ನು ವಿಚಾರಿಸೋಣ. ‘ಪಹಣಿ’ ಎಂಬುದು ಅಚ್ಚಗನ್ನಡ ಶಬ್ದವಲ್ಲ. ಮರಾಠಿಯಲ್ಲಿ ‘ಪಾಹಣೆ’ ಎಂದರೆ ನೋಡುವುದು. ಅದರಿಂದಾದ ‘ಪಾಹಣೀ’ ಎಂಬ ರೂಪವೇ ನಮ್ಮಲ್ಲಿ ಪಹಣಿಯಾಯಿತು. ಪ್ರತ್ಯಕ್ಷವಾಗಿ ಕಂಡು ಪರಿಶೀಲಿಸುವುದು ಅದರ ಮೂಲಾರ್ಥ. ಕಾಗದಕ್ಕೆ ಈ ಹೆಸರು ಸಂದುದು ಅನಂತರ. ಹೊಲಕ್ಕೆ ಹೋಗಿ, ಉಳುವವನಾರು, ಬೆಳೆದಿರುವುದೇನು ಎಂಬುದನ್ನು ಕಣ್ಣಾರೆ ಕಂಡವನು ಬರೆದಿಟ್ಟುದೇ ಪಹಣಿ. ಈ ಅರ್ಥವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ.

ಪೂರ್ವಕಾಲದಲ್ಲಿ ದಾನವಾಗಿ ಕೊಟ್ಟ ಭೂಮಿಯ ಚತುಸ್ಸೀಮೆಯನ್ನು ಕಲ್ಲಿನಲ್ಲಿ ಕೊರೆಯಿಸುತ್ತಿದ್ದರು. ಮೂಡಲಿಗೆ ಕೆರೆ, ತೆಂಕಲಿಗೆ ಹುತ್ತ, ಪಡುವಲಿಗೆ ಹುಣಿಸೆಯ ಮರ ಎಂಬಂತಹ ಗುರುತುಗಳು ಶಾಸನಗಳಲ್ಲಿ ಹೇರಳವಾಗಿವೆ. ಅದೇ ಶಾಸನಗಳಲ್ಲಿ ‘ಸೇನಬೋವ’ನೆಂಬ ಲೆಕ್ಕಿಗನೂ ಕಾಣಬರುವನು. ಆ ಶಬ್ದವೇ ಕಾಲಕ್ರಮದಲ್ಲಿ ಶಾನುಭೋಗನೆಂದಾಯಿತು. ಸಾಮಾನ್ಯ ರೈತನ ಹೊಲಕ್ಕಾದರೋ ಕಲ್ಲಿನ ಶಾಸನವಿರಲಿಲ್ಲ. ಶಾನುಭೋಗನ ಕಡತವೇ ಅವನಿಗೆ ಶಾಸನ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದರೆ ಕಡತವಾಗುತ್ತಿತ್ತು. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬಟ್ಟೆಯು ಬಹುಕಾಲ ಬಾಳುತ್ತಿತ್ತು; ಆದರೆ ಬರೆದುದನ್ನು ಒರಸಿ ಮತ್ತೆ ಬರೆಯಲು ಅವಕಾಶವಿತ್ತು. ಕಡತವು ಶಾನುಭೋಗನ ಮನೆಯಲ್ಲಿಯೇ ಇರುತ್ತಿದ್ದುದರಿಂದ, ಅವನು ಸತ್ಯವಂತನಾಗಿದ್ದರೆ ಊರಿಗೆ ಕ್ಷೇಮ, ಇಲ್ಲವಾದರೆ ಓದುಬರಹವರಿಯದ ರೈತನಿಗೆ ಅವನ ಜಗಲಿಯೇ ಗತಿ.

ಮೈಸೂರು ಸೀಮೆಯಲ್ಲಿ 1863ರಲ್ಲಿ ಬೊಂಬಾಯಿ ಪ್ರಾಂತದ ಪದ್ಧತಿಯನ್ನನುಸರಿಸಿ ಸರ್ವೆ ಇಲಾಖೆಯು ಏರ್ಪಟ್ಟಿತು. 33 ಅಡಿಯ ಸರಪಳಿಯಿಂದ ಹೊಲಗಳನ್ನಳೆದರು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲಕ್ಕೆ ಗುಂಟೆಯೆಂದೂ, 40 ಗುಂಟೆಗೆ ಎಕರೆಯೆಂದೂ ಲೆಕ್ಕ. ಪ್ರತಿಯೊಂದು ಹೊಲಕ್ಕೂ ನಂಬರು ಬಿದ್ದಿತು. ಹುತ್ತ ಮತ್ತು ಮರಗಳ ಸ್ಥಾನದಲ್ಲಿ ಸರ್ವೆ ಕಲ್ಲುಗಳು ನಿಂತವು. ನೆಲವನ್ನಳೆಯುವ ಕ್ರಮವು ಹೀಗೆ ನಿಷ್ಕರ್ಷೆಯಾದರೂ ಲೆಕ್ಕವನ್ನು ಬರೆಯುವ ಕೈ ಮಾತ್ರ ವಂಶಪಾರಂಪರ್ಯವಾಗಿಯೇ ಉಳಿಯಿತು.

ಆ ಪಾರಂಪರ್ಯವನ್ನು ನಿಲ್ಲಿಸಿದುದು 1961ರ ಗ್ರಾಮಾಧಿಕಾರಗಳ ನಿರ್ಮೂಲನ ಶಾಸನ. ಅದು 1963ನೆಯ ಫೆಬ್ರವರಿ 1ರಿಂದ ಜಾರಿಗೆ ಬಂದು, ಶಾನುಭೋಗ, ಪಟೇಲ, ಕುಲಕರ್ಣಿ ಮೊದಲಾದವರ ವಂಶಾಧಿಕಾರವು ಕೊನೆಗೊಂಡಿತು. ಸಂಬಳದ ಗ್ರಾಮಲೆಕ್ಕಿಗರು ನೇಮಕವಾದರು. 1964ರ ಭೂಕಂದಾಯ ಶಾಸನದ 133ನೆಯ ಪ್ರಕರಣವು, ಹಕ್ಕುದಾಖಲೆಯಲ್ಲಿ ಬರೆದಿರುವುದನ್ನು ತದ್ವಿರುದ್ಧವು ಸಿದ್ಧಪಡುವವರೆಗೆ ಸತ್ಯವೆಂದೇ ಭಾವಿಸತಕ್ಕದ್ದೆಂದು ವಿಧಿಸಿತು. ಪಹಣಿಯೇ ಸ್ವಾಮ್ಯದ ಮೂಲಪತ್ರವಲ್ಲವಾದರೂ ಅದರ ಒಂದು ಪಂಕ್ತಿಗೆ ಎಷ್ಟು ಬಲವುಂಟೆಂಬುದು 1974ರಲ್ಲಿ ಜನರಿಗೆ ತಿಳಿಯಿತು. ಆ ವರ್ಷದ ಮಾರ್ಚಿ 1ರಿಂದ ಗೇಣಿಯ ಜಮೀನುಗಳು ಸರಕಾರಕ್ಕೆ ಸೇರಿ, ಉಳುವವನು ಭೂನ್ಯಾಯಮಂಡಳಿಯ ಮುಂದೆ ಅರ್ಜಿಯಿಟ್ಟು ಒಡೆತನವನ್ನು ಪಡೆಯಬಹುದಾಯಿತು. ಪಹಣಿಯ 12ನೆಯ ಅಂಕಣದಲ್ಲಿ ಸಾಗುವಳಿದಾರನೆಂದು ಹೆಸರಿದ್ದವನಿಗೆ ಪ್ರಬಲವಾದ ಸಾಕ್ಷ್ಯವು ಸಿದ್ಧವಾಗಿದ್ದಿತು. ಹತ್ತಾರು ವರ್ಷ ಉತ್ತಿದ್ದರೂ ಆ ಅಂಕಣದಲ್ಲಿ ಹೆಸರಿಲ್ಲದವನು ನೆರೆಹೊರೆಯವರ ಬಾಯಿಸಾಕ್ಷ್ಯವನ್ನು ಆಶ್ರಯಿಸಬೇಕಾಯಿತು. ನೋಡಿ ಬರೆಯತಕ್ಕವನು ನೋಡದೆ ಬರೆದರೆ ಆಗುವ ಅನರ್ಥಕ್ಕೆ ಇದಕ್ಕಿಂತ ದೊಡ್ಡ ನಿದರ್ಶನವು ಬೇಕಿಲ್ಲ.

ಇನ್ನು ಪ್ರಕೃತ ವ್ಯವಸ್ಥೆಯ ವಿಚಾರ. ಕೈಬರಹದ ಪಹಣಿಯ ಕಾಲದಲ್ಲಿ ಸುಮಾರು 9,000 ಗ್ರಾಮಲೆಕ್ಕಿಗರ ಬಳಿ ಈ ದಾಖಲೆಗಳು ಚದುರಿಹೋಗಿದ್ದವು. ಒಂದು ನಕಲಿಗಾಗಿ ರೈತನು ಅವರನ್ನು ಹುಡುಕಿಕೊಂಡು ಅಲೆಯಬೇಕಾಗಿತ್ತು. ಕೈಬೆಚ್ಚಗೆ ಮಾಡದೆ ಕೆಲಸವಾಗದೆಂಬ ದೂರು ನಾಡಿನಲ್ಲೆಲ್ಲಾ ಇದ್ದಿತು. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದವರು ರಚಿಸಿಕೊಟ್ಟ ಭೂಮಿ ವ್ಯವಸ್ಥೆಯು 2002ರ ವೇಳೆಗೆ ಅಂದಿನ 177 ತಾಲ್ಲೂಕುಗಳಿಗೂ ಹಬ್ಬಿತು. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಗಣಕಯಂತ್ರವನ್ನು ಸೇರಿದವು; ಕೈಬರಹದ ಪಹಣಿಗೆ ಮಾನ್ಯತೆಯು ತಪ್ಪಿತು. ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟವನಿಗೆ ಅಲ್ಲಿಯೇ ನಕಲು ದೊರೆಯುವಂತಾಯಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಅನುಕ್ರಮದಲ್ಲಿಯೇ ವಿಲೇವಾರಿ ಮಾಡಬೇಕೆಂದೂ, ಅಧಿಕಾರಿಯು ಬೆರಳಚ್ಚನ್ನೊತ್ತಿಯೇ ದಾಖಲೆಯನ್ನು ಮುಟ್ಟಬೇಕೆಂದೂ ನಿಯಮವಾಯಿತು. ಕಡತದಲ್ಲಿ ಒರಸಿದುದಕ್ಕೆ ಗುರುತು ಉಳಿಯುವುದು ಕಷ್ಟ. ಇಲ್ಲಿ ತಿದ್ದಿದವನ ಗುರುತು ಉಳಿಯುವುದು. ತರುವಾಯ ಜಾಲತಾಣದ ಮೂಲಕ ಪಹಣಿಯು ಮನೆಗೇ ಬಂದಿತು. ‘ದಿಶಾಂಕ್’ ಎಂಬ ಆ್ಯಪಿನಲ್ಲಿ, ತಾನು ನಿಂತಿರುವ ನೆಲದ ಸರ್ವೆ ನಂಬರನ್ನು ದಾರಿಹೋಕನೂ ತಿಳಿಯಬಹುದಾಗಿದೆ.

ಇದು ಅಲ್ಪವಾದ ಉಪಕಾರವಲ್ಲ. ಒಬ್ಬನ ಪೆಟ್ಟಿಗೆಯಲ್ಲಿದ್ದುದು ಎಲ್ಲರ ಕಣ್ಣಿಗೆ ಬಿದ್ದುದರಿಂದ, ತನ್ನ ಹೆಸರಿನ ಮುಂದೆ ಯಾವ ಸಾಲವಿದೆ, ಯಾವ ತಕರಾರಿದೆ ಎಂಬುದನ್ನು ರೈತನು ಯಾರ ಹಂಗೂ ಇಲ್ಲದೆ 11ನೆಯ ಅಂಕಣದಲ್ಲಿ ಓದಿಕೊಳ್ಳಬಲ್ಲನು. ಆದರೂ ಇಲ್ಲಿ ಒಂದು ಸೂಕ್ಷ್ಮವಿದೆ. ಗಣಕಯಂತ್ರಕ್ಕೆ ತುಂಬಿದುದು ಕೈಬರಹದ ಪಹಣಿಯಲ್ಲಿದ್ದುದನ್ನೇ. ಆದಕಾರಣ ಅಲ್ಲಿದ್ದ ತಪ್ಪುಗಳೂ ಅಚ್ಚಾಗಿ ಬಂದವು. ಅಜ್ಜನು ಸತ್ತು ಎರಡು ತಲೆಮಾರು ಕಳೆದರೂ ಪೌತಿ ಖಾತೆಯಾಗದೆ ಅಜ್ಜನೇ ಹಿಡುವಳಿದಾರನಾಗಿ ಮೆರೆಯುವ ಪಹಣಿಗಳು ಊರೂರಿನಲ್ಲಿಯೂ ಉಂಟು. ಅಣ್ಣತಮ್ಮಂದಿರು ಬದುವನ್ನು ಹಾಕಿಕೊಂಡು ಬೇರೆಯಾಗಿದ್ದರೂ ಪೋಡಿಯಾಗದೆ ಜಂಟಿಯಾಗಿಯೇ ಉಳಿದ ನಂಬರುಗಳು ಅನೇಕ. ಇಂತಹ ಜಮೀನಿನ ಮೇಲೆ ಬ್ಯಾಂಕಿನ ಸಾಲವೂ ಬೆಳೆನಷ್ಟದ ಪರಿಹಾರವೂ ಸುಲಭವಾಗಿ ದೊರೆಯುವುದಿಲ್ಲ. ಯಂತ್ರವು ಅಜ್ಜನ ಹೆಸರನ್ನು ಕ್ಷಣಮಾತ್ರದಲ್ಲಿ ತೋರಿಸಬಲ್ಲುದೇ ಹೊರತು ಅಜ್ಜನಿಲ್ಲವೆಂಬುದನ್ನು ಅರಿಯಲಾರದು. ಅದನ್ನು ಅರಿಯುವವರು ಮನೆಯವರು. ವಿಚಾರಿಸಿ ಬರೆಯಬೇಕಾದವನು, ಈಗ ಗ್ರಾಮ ಆಡಳಿತ ಅಧಿಕಾರಿಯೆನಿಸಿಕೊಂಡಿರುವ ಆ ಹಳೆಯ ಲೆಕ್ಕಿಗನೇ.

2020ರ ಮುಂಗಾರಿನಲ್ಲಿ ಇನ್ನೊಂದು ಹೊಸ ಕ್ರಮವು ಆರಂಭವಾಯಿತು. ರೈತನು ತಾನೇ ಹೊಲದಲ್ಲಿ ನಿಂತು, ತನ್ನ ಬೆಳೆಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು, ಬೆಳೆ ಸಮೀಕ್ಷೆಯ ಆ್ಯಪಿನ ಮೂಲಕ ಸರಕಾರಕ್ಕೆ ಕಳುಹಬಹುದೆಂದಾಯಿತು. ಸೇನಬೋವನ ಕಾಲದಿಂದಲೂ ರೈತನ ಹೊಲವನ್ನು ಕುರಿತು ಬರೆಯುವ ಅಧಿಕಾರವು ಅನ್ಯರದಾಗಿಯೇ ಇದ್ದಿತು. ಉಳುವವನೇ ನೋಡಿ ತಾನೇ ದಾಖಲಿಸುವ ಅವಕಾಶವು ಇಷ್ಟು ವಿಸ್ತಾರವಾಗಿ ದೊರೆತುದು ಚರಿತ್ರೆಯಲ್ಲಿ ಗಣನೀಯವಾದ ಸಂಗತಿ. ಆದರೆ ಓದು ಬಾರದ ಮುದುಕಿಗೆ ಈ ಮೊಬೈಲೂ ಹಿಂದಿನ ಕಡತದಷ್ಟೇ ಕಪ್ಪು. ಆಕೆಯ ಪಾಲಿಗೆ, ಪಹಣಿಯನ್ನು ತೆಗೆದು ಓದಿಹೇಳುವ ಮೊಮ್ಮಗನೋ ನೆರೆಮನೆಯ ಹುಡುಗಿಯೋ ಇಂದಿನ ಶಾನುಭೋಗರು.

ಆದುದರಿಂದ ಊರಿನಲ್ಲಿ ಓದಬಲ್ಲವರು ವರ್ಷಕ್ಕೊಮ್ಮೆಯಾದರೂ ತಮ್ಮ ಮನೆಯ ಪಹಣಿಯನ್ನೂ ಓದಲಾರದ ನೆರೆಯವರ ಪಹಣಿಯನ್ನೂ ತೆಗೆದು, 9, 11, 12ನೆಯ ಅಂಕಣಗಳನ್ನು ಗಟ್ಟಿಯಾಗಿ ಓದಿಹೇಳುವುದು ಯುಕ್ತ. ಹೆಸರು ತಪ್ಪಿದ್ದರೆ ನಾಡಕಚೇರಿಯಲ್ಲಿ ಅರ್ಜಿ ಕೊಡಿಸಬೇಕು. ತೀರಿಹೋದವರ ಹೆಸರಿದ್ದರೆ ಪೌತಿ ಖಾತೆ ಮಾಡಿಸಬೇಕು. ನೋಡುವವರಿದ್ದರೆ ಮಾತ್ರ ಪಹಣಿಯು ತನ್ನ ಹೆಸರಿಗೆ ತಕ್ಕಂತೆ ಇರುವುದು.