ದಕ್ಷಿಣಾಯನವೂ ಕೋಲಿನ ನೆರಳೂ

ಜೂನ್ 21ರಂದು ಹಗಲು ಅತಿ ದೀರ್ಘವೆಂದೂ ಅಂದಿನಿಂದ ಸೂರ್ಯನು ದಕ್ಷಿಣಕ್ಕೆ ತಿರುಗುವನೆಂದೂ ಭೂಗೋಳದ ಪಾಠದಲ್ಲಿ ಹೇಳುತ್ತೇವೆ. ಪಂಚಾಂಗವಾದರೋ ದಕ್ಷಿಣಾಯನವನ್ನು ಕರ್ಕಾಟಕ ಸಂಕ್ರಮಣದಲ್ಲಿ, ಎಂದರೆ ಜುಲೈ 16 ಅಥವಾ 17ರಂದು, ಆರಂಭಿಸುತ್ತದೆ. ಯಾವುದು ನಿಜವೆಂದು ವಿದ್ಯಾರ್ಥಿಯೊಬ್ಬನು ಕೇಳಿದರೆ ‘ಅದು ಶಾಸ್ತ್ರ, ಇದು ವಿಜ್ಞಾನ’ ಎಂದು ಜಾರಿಕೊಳ್ಳುವುದು ಸುಲಭ. ಉತ್ತರವಿರುವುದು ಇತಿಹಾಸದಲ್ಲಿ.

ವೇದಾಂಗ ಜ್ಯೋತಿಷವು ದಕ್ಷಿಣಾಯನದ ಆರಂಭವನ್ನು ಆಶ್ಲೇಷಾ ನಕ್ಷತ್ರದ ಮಧ್ಯದಲ್ಲಿಟ್ಟಿತು. ಕ್ರಿ.ಶ. 6ನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಆ ಹಳೆಯ ಮಾತನ್ನು ಸ್ಮರಿಸಿ, ತನ್ನ ಕಾಲಕ್ಕೆ ಅದು ಕರ್ಕಾಟಕದ ಆದಿಗೆ ಸರಿದಿದೆಯೆಂದೂ, ಬೇಕಾದವರು ನೆರಳನ್ನು ನೋಡಿ ಪರೀಕ್ಷಿಸಬಹುದೆಂದೂ ಬರೆದನು. ಶಾಸ್ತ್ರಗ್ರಂಥದಲ್ಲಿಯೇ ಇಂತಹ ಧೈರ್ಯ! ಭೂಮಿಯ ಅಕ್ಷವು ಬುಗುರಿಯಂತೆ ನಿಧಾನವಾಗಿ ತೂಗುವುದರಿಂದ ಅಯನಬಿಂದುವು ನಕ್ಷತ್ರಗಳ ನಡುವೆ ಸುಮಾರು 72 ವರ್ಷಕ್ಕೆ ಒಂದು ಅಂಶದಂತೆ ಹಿಂದಕ್ಕೆ ಸರಿಯುತ್ತದೆ. ವರಾಹಮಿಹಿರನ ಅನಂತರವೂ ಬಿಂದುವು ಸರಿಯಿತು, ಹೆಸರು ಮಾತ್ರ ಕರ್ಕಾಟಕದಲ್ಲಿಯೇ ನಿಂತಿತು. ಇಂದಿನ ಅಂತರ ಸುಮಾರು 25 ದಿನ. 1952ರಲ್ಲಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಪಂಚಾಂಗ ಸುಧಾರಣಾ ಸಮಿತಿಯ ಸಲಹೆಯಿಂದ, 1957ರ ಮಾರ್ಚ್ 22ರಂದು ರಾಷ್ಟ್ರೀಯ ಪಂಚಾಂಗವು ಜಾರಿಗೆ ಬಂದಿತು. ಅದರಲ್ಲಿ ಆಷಾಢವು ಜೂನ್ 22ರಂದು ಹುಟ್ಟುತ್ತದೆ. ಆಕಾಶಕ್ಕೆ ಒಪ್ಪುವ ಈ ತಿಂಗಳು ಆಕಾಶವಾಣಿಯನ್ನೂ ಗೆಜೆಟ್ಟನ್ನೂ ದಾಟಿ ಮನೆಗಳಿಗೆ ಬರಲಿಲ್ಲ.

ಕೊಂಗುನಾಡಿನ ಜನರು ಕೊಂಡಾಡುವುದು ಆಡಿ ತಿಂಗಳ ಮೊದಲ ದಿನವನ್ನೇ. ಈರೋಡು, ಕರೂರು, ಸೇಲಂ ಕಡೆಗಳಲ್ಲಿ ಅಂದು ತೆಂಗಿನಕಾಯಿಯ ಕಣ್ಣು ತೆರೆದು, ಬೆಲ್ಲ, ಅವಲಕ್ಕಿ, ಹೆಸರುಬೇಳೆ, ಎಳ್ಳುಗಳನ್ನು ತುಂಬಿ, ಕೋಲಿಗೆ ಸಿಕ್ಕಿಸಿ ಬೆಂಕಿಯಲ್ಲಿ ಸುಡುತ್ತಾರೆ. ಮಕ್ಕಳಿಗೆ ಅಯನಕ್ಕಿಂತ ಆ ಕಾಯಿಯೇ ಮುಖ್ಯ. ಅದರಲ್ಲಿ ತಪ್ಪೇನೂ ಇಲ್ಲ.

ಜೂನ್ ತಿಂಗಳ ಸೂರ್ಯನನ್ನು ಮರೆಯಲಾಗದ ದೇಶಗಳೂ ಇವೆ. ಕರ್ಕಾಟಕ ಸಂಕ್ರಾಂತಿ ವೃತ್ತವು ಒಮಾನ್ ಮತ್ತು ಸಂಯುಕ್ತ ಅರಬ್ ಎಮಿರೇಟ್ಸ್‌ಗಳ ಮೇಲೆ ಹಾದುಹೋಗುತ್ತದೆ. ಜೂನ್ 21ರ ನಡುಹಗಲಿನಲ್ಲಿ ಮಸ್ಕತ್ತಿನ ಕೋಲಿಗೆ ನೆರಳೇ ಇಲ್ಲವೆನ್ನಬಹುದು. ಎಮಿರೇಟ್ಸ್‌ನಲ್ಲಿ ಈ ಬಿಸಿಲಿಗೆ ಹಬ್ಬವಿಲ್ಲ, ಕಾನೂನಿದೆ: 2005ರಲ್ಲಿ ಆರಂಭವಾಗಿ ಈಗ ಜಾರಿಯಲ್ಲಿರುವ ನಿಯಮದಂತೆ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆಯವರೆಗೆ ಬಯಲಿನಲ್ಲಿ ಕೂಲಿಗಳನ್ನು ದುಡಿಸಕೂಡದು. ದುಡಿಯಲು ಹೋದ ನಮ್ಮವರಿಗೆ ಇದು ಯಾವ ಸಂಕ್ರಮಣಕ್ಕೂ ಕಡಿಮೆಯಲ್ಲ.

ಮದುಕ್ಕರೈ ಇರುವುದು ಸುಮಾರು 11 ಅಂಶ ಉತ್ತರ ಅಕ್ಷಾಂಶದಲ್ಲಿ. ಅಂದು ಇಲ್ಲಿ ನಡುಹಗಲಿನ ಸೂರ್ಯನು ನೆತ್ತಿಯಿಂದ ಉತ್ತರಕ್ಕೆ ಸರಿದಿರುತ್ತಾನೆ. ಪಾಲಕ್ಕಾಡು ಕಣಿವೆಯಿಂದ ಬರುವ ಮೋಡವು ಎಡೆಗೊಟ್ಟರೆ, ಶಾಲೆಯ ಅಂಗಳದಲ್ಲಿ 100 ಸೆಂಟಿಮೀಟರಿನ ಕೋಲನ್ನು ನೆಟ್ಟು 12.25ರ ಸುಮಾರಿಗೆ ಅಳೆಯಿರಿ. ನೆರಳು ದಕ್ಷಿಣಕ್ಕೆ ಸುಮಾರು 22 ಸೆಂಟಿಮೀಟರು ಬೀಳುವುದು. ಆಡಿಯ ಮೊದಲ ದಿನ ಅದೇ ಕೋಲನ್ನು ಅದೇ ಹೊತ್ತಿಗೆ ಅಳೆದರೆ ಸುಮಾರು 18. ಕಾಯಿ ಸುಡುವ ವೇಳೆಗೆ ಸೂರ್ಯನು ತಿರುಗಿ ಮೂರು ವಾರ ಕಳೆದಿರುತ್ತದೆ.