ನೆಕ್ರೋಮ್ಯಾನ್ಸರ್ ನಮ್ಮ ಕಡೆಯವನೇ: ಹೆಣ, ಬೇತಾಳ, ಬುರುಡೆಗಳ ಒಂದು ಹಳೇ ಕಥೆ

ಭಾಗ 1

ಡಂಜನ್ಸ್ ಅಂಡ್ ಡ್ರಾಗನ್ಸ್ ಅಂತ ಒಂದು ಆಟ ಇದೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದದ್ದು. ಬೋರ್ಡು ಬೇಕಿಲ್ಲ. ಪೇಪರ್, ಪೆನ್ಸಿಲ್, ದಾಳ, ನಾಲ್ಕೈದು ಜನ ಸಾಕು. ಒಬ್ಬ ಕಥೆ ನಡೆಸ್ತಾನೆ, ಉಳಿದವರು ಒಂದೊಂದು ಪಾತ್ರ ಹಾಕ್ತಾರೆ. ಅದರಲ್ಲಿ ಮಂತ್ರವಾದಿಗಳಲ್ಲೇ ಒಂದು ಜಾತಿ ನೆಕ್ರೋಮ್ಯಾನ್ಸರ್. ಸಾವಿನ ವಿದ್ಯೆ ಕಲಿತವನು. 2014ರ ರೂಲ್‌ಬುಕ್ಕಲ್ಲಿ ಅವನ ಮುಖ್ಯ ಮಂತ್ರಕ್ಕೆ ಬೇಕಾಗೋದು ಒಂದು ಹನಿ ರಕ್ತ, ಒಂದು ಚೂರು ಮಾಂಸ, ಒಂದು ಚಿಟಿಕೆ ಮೂಳೆಪುಡಿ. ಒಂದು ನಿಮಿಷ ಜಪಿಸಿದರೆ ಮೂಳೆರಾಶಿ ಎದ್ದು ನಿಲ್ಲುತ್ತೆ. 24 ಗಂಟೆ ಹೇಳಿದ ಮಾತು ಕೇಳುತ್ತೆ. ಆಮೇಲೆ ಹಿಡಿತ ತಪ್ಪುತ್ತೆ. ಹಾಗಾಗಬಾರದು ಅಂದ್ರೆ ಅವಧಿ ಮುಗಿಯೋದ್ರೊಳಗೆ ಮತ್ತೆ ಮಂತ್ರ ಹಾಕ್ಬೇಕು. (ಬಿಕಾಂ ಓದೋ ನನಗೆ ಇದು ಥೇಟ್ ದಿನಗೂಲಿ ಲೆಕ್ಕದ ಹಾಗೆ ಕಾಣುತ್ತೆ.)

ಆದರೆ ಈ ಪದದ ಮೂಲ ಅರ್ಥ ಹೆಣವನ್ನ ಆಳು ಮಾಡ್ಕೊಳ್ಳೋದಲ್ಲ. ಗ್ರೀಕಿನಲ್ಲಿ ನೆಕ್ರೋಸ್ ಅಂದ್ರೆ ಹೆಣ, ಮಾಂತೈಯಾ ಅಂದ್ರೆ ಕಣಿ. ಸತ್ತವರನ್ನ ಕೇಳಿ ಭವಿಷ್ಯ ತಿಳಿಯೋದು. ಅದೇ ಆಟದಲ್ಲಿ ಇನ್ನೊಂದು ಮಂತ್ರ ಇದೆ, ಹೆಣಕ್ಕೆ ಐದು ಪ್ರಶ್ನೆ ಕೇಳಬಹುದು. ನಮ್ಮ ವಿಕ್ರಮ ಬೇತಾಳ ನೆನಪಾಯ್ತಾ? ಅಲ್ಲಿ ಎಲ್ಲಾ ಉಲ್ಟಾ. ಪ್ರಶ್ನೆ ಕೇಳೋದು ಹೆಗಲ ಮೇಲಿನ ಹೆಣ, ಉತ್ತರ ಹೇಳಿ ಒದ್ದಾಡೋದು ಬದುಕಿರೋ ರಾಜ. ನನಗೆ ನಮ್ಮದೇ ಇಷ್ಟ.

ಭಾಗ 2

ಈಗ ಒಂದು ನಿಜವಾದ ಹಳೇ ಪುಸ್ತಕಕ್ಕೆ ಬರೋಣ. 7ನೇ ಶತಮಾನ, ಬಾಣಭಟ್ಟನ ಹರ್ಷಚರಿತ. ಹರ್ಷ ಅಂದ್ರೆ ಗೊತ್ತಲ್ಲ, ನಮ್ಮ ಬಾದಾಮಿಯ ಇಮ್ಮಡಿ ಪುಲಿಕೇಶಿ ನರ್ಮದೆ ದಾಟದಂತೆ ತಡೆದನಲ್ಲ, ಆ ಹರ್ಷ. ಅವನ ವಂಶದ ಮೂಲಪುರುಷ ಪುಷ್ಪಭೂತಿಯ ಕಥೆಯಲ್ಲಿ ಭೈರವಾಚಾರ್ಯ ಅನ್ನೋ ಶೈವ ಗುರು ಬರ್ತಾನೆ. ಎಲ್ಲಿಯವನು? ದಾಕ್ಷಿಣಾತ್ಯ ಅಂತಾನೆ ಬಾಣ. ಅಂದ್ರೆ ದಖ್ಖನ್ ಕಡೆಯವನು. ಊರು ಹೇಳಿಲ್ಲ, ಹಾಗಾಗಿ ಕರ್ನಾಟಕದವನೇ ಅಂತ ನಾನು ಪಟ್ಟು ಹಿಡಿಯಲ್ಲ. ಆದ್ರೂ ನಮ್ಮ ಕಡೆಯವನು.

ಅವನು ಮಹಾಕಾಲಹೃದಯ ಅನ್ನೋ ಮಂತ್ರವನ್ನ ದೊಡ್ಡ ಸ್ಮಶಾನದಲ್ಲಿ ಕೂತು ಒಂದು ಕೋಟಿ ಸಲ ಜಪಿಸಿ ಮುಗಿಸಿರ್ತಾನೆ. ಉಳಿದದ್ದು ಕೊನೆ ಹಂತ, ಬೇತಾಳ ಸಾಧನೆ. ಅದಕ್ಕೆ ಕಾವಲು ಬೇಕು, ರಾಜನ್ನೇ ಕರೀತಾನೆ. ಕೃಷ್ಣಪಕ್ಷದ ಚತುರ್ದಶಿ ರಾತ್ರಿ. ಬೂದಿಯಲ್ಲಿ ಬರೆದ ಮಂಡಲ. ನಡುವೆ ಅಂಗಾತ ಮಲಗಿಸಿದ ಹೆಣ, ಅದಕ್ಕೆ ಕೆಂಪು ಗಂಧ, ಕೆಂಪು ಹೂಮಾಲೆ, ಕೆಂಪು ಬಟ್ಟೆ. ಹೆಣದ ಎದೆ ಮೇಲೆ ಆಚಾರ್ಯ, ಅವನ ಮೈಮೇಲೆಲ್ಲಾ ಕಪ್ಪು: ಕಪ್ಪು ಪೇಟ, ಕಪ್ಪು ಬಟ್ಟೆ, ಕಪ್ಪು ಲೇಪ. ಹೆಣದ ಬಾಯಲ್ಲೇ ಬೆಂಕಿ ಹೊತ್ತಿಸಿ ಕರಿ ಎಳ್ಳಿನ ಹೋಮ. ಮೂರು ದಿಕ್ಕಿಗೆ ಮೂವರು: ಟೀಟಿಭ, ಪಾತಾಳಸ್ವಾಮಿ, ಮತ್ತೆ ಕರ್ಣತಾಲ ಅನ್ನೋ ದ್ರಾವಿಡ. ನಾಲ್ಕನೇ ದಿಕ್ಕಿಗೆ ಅಟ್ಟಹಾಸ ಅನ್ನೋ ಕತ್ತಿ ಹಿಡಿದ ರಾಜ.

ಪೂರ್ತಿ ಒಂದು ಪಾರ್ಟಿ ರೀ ಇದು! ಆಟ ಆಡಿದವರಿಗೆ ಅರ್ಥ ಆಗುತ್ತೆ. ನಡುರಾತ್ರಿ ನೆಲ ಸೀಳಿ ಶ್ರೀಕಂಠ ಅನ್ನೋ ನಾಗ ಮೇಲೆದ್ದು ಬರ್ತಾನೆ. ಆ ಮೂವರ ಕೈಲಿ ಆಗಲ್ಲ, ರಾಜ ಕುಸ್ತಿ ಹಿಡಿದು ಕೆಡವುತ್ತಾನೆ, ಆದ್ರೆ ಜನಿವಾರ ಕಂಡು ಕೊಲ್ಲದೆ ಬಿಡ್ತಾನೆ. ಕತ್ತಿಯಿಂದ ಲಕ್ಷ್ಮಿ ಪ್ರತ್ಯಕ್ಷ. ವರ ಕೇಳು ಅಂದ್ರೆ ರಾಜ ಕೇಳೋದು ಆಚಾರ್ಯನ ಸಾಧನೆ ಫಲಿಸಲಿ ಅಂತ. ಆಚಾರ್ಯ ವಿದ್ಯಾಧರನಾಗಿ ಆಕಾಶಕ್ಕೆ ಹಾರಿಹೋಗ್ತಾನೆ. ಗಮನಿಸಿ, ಆ ಹೆಣ ಯಾರಿಗೂ ಆಳಾಗಲಿಲ್ಲ.

ಭಾಗ 3 (ಇದಕ್ಕೆ ಫೋಟೋ ಇದೆ)

ಕೈಕಾಲೆಲ್ಲಾ ಮೂಳೆ, ಒಳಗೆ ಹೋದ ಹೊಟ್ಟೆ, ಹೊರಗೆ ಬಂದ ಕಣ್ಣು. ಇದು ಹಾಸನದ ಹತ್ರದ ದೊಡ್ಡಗದ್ದವಳ್ಳಿ. ವಿಷ್ಣುವರ್ಧನನ ಕಾಲ, 1113ರ ಸುಮಾರು. ಗುಡಿಯ ಹೆಸರು ಲಕ್ಷ್ಮೀದೇವಿ ಗುಡಿ, ಆದ್ರೆ ಒಳಗೆ ನಾಲ್ಕು ಗರ್ಭಗುಡಿ, ಅದರಲ್ಲೊಂದು ಕಾಳಿಯದು. ಅವಳ ಬಾಗಿಲಿಗೆ ಎರಡು ಆಳೆತ್ತರದ ಬೇತಾಳಗಳು ಕಾವಲು. ಹೊಯ್ಸಳ ಗುಡಿ ಅಂದ್ರೆ ಬರೀ ದರ್ಪಣ ಸುಂದರಿ ಅಂದ್ಕೊಂಡವರು ಇಲ್ಲಿಗೊಮ್ಮೆ ಹೋಗ್ಬೇಕು.

ಕಟ್ಟಿಸಿದ್ದು ಯಾವ ಮಂತ್ರವಾದಿಯೂ ಅಲ್ಲ. ಕುಲ್ಲಹಣ ರಾಹುತ ಅನ್ನೋ ವ್ಯಾಪಾರಿ, ಅವನ ಹೆಂಡತಿ ಸಹಜಾದೇವಿ. ದುಡ್ಡಿನ ದೇವತೆ ಒಂದು ಕಡೆ, ಸಾವಿನ ದೇವತೆ ಇನ್ನೊಂದು ಕಡೆ, ಎರಡಕ್ಕೂ ಒಂದೇ ಸೂರು. ವ್ಯಾಪಾರ ಗೊತ್ತಿದ್ದವರೇ! 2020ರ ನವೆಂಬರಲ್ಲಿ ಆ ಕಾಳಿಯ ವಿಗ್ರಹ ಒಡೆದ ಸ್ಥಿತಿಯಲ್ಲಿ ಸಿಕ್ತು. 900 ವರ್ಷ ಬೇತಾಳ ಕಾದಿದ್ದ ಬಾಗಿಲು ಅದು.

ಭಾಗ 4

ಬುರುಡೆ ಹಿಡಿದ ಕಾಪಾಲಿಕರ ವಿಷಯ. ಧರ್ಮಶಾಸ್ತ್ರದಲ್ಲಿ ಬ್ರಹ್ಮಹತ್ಯೆ ಮಾಡಿದವನಿಗೆ 12 ವರ್ಷದ ಪ್ರಾಯಶ್ಚಿತ್ತ ಇದೆ. ಬುರುಡೆ ಹಿಡಿದು ಭಿಕ್ಷೆ ಬೇಡ್ತಾ ಊರಾಚೆ ಬದುಕಬೇಕು. ಬ್ರಹ್ಮನ ತಲೆ ಕತ್ತರಿಸಿದ ಭೈರವನೂ ಹಾಗೇ ತಿರುಗಿದ. ಅದನ್ನೇ ವ್ರತ ಮಾಡಿಕೊಂಡವರು ಇವರು. ಅಂದ್ರೆ ಬುರುಡೆ ಮೊದಲಿಗೆ ಶಕ್ತಿಯ ಗುರುತಲ್ಲ, ಪಾಪದ ಗುರುತು. ಪುಲಿಕೇಶಿಯ ತಮ್ಮನ ಮಗ ನಾಗವರ್ಧನ ನಾಸಿಕ್ ಕಡೆಯ ಇಗತ್‌ಪುರಿ ಹತ್ರ ಕಪಾಲೇಶ್ವರನ ಪೂಜೆಗೆ, ಅಲ್ಲಿನ ಮಹಾವ್ರತಿಗಳಿಗೆ ಒಂದು ಊರನ್ನೇ ದತ್ತಿ ಕೊಟ್ಟ.

ಆದರೆ ಇವರ ಬಗ್ಗೆ ನಮಗೆ ಗೊತ್ತಿರೋದು ಬಹುಪಾಲು ಇವರನ್ನ ಆಡಿಕೊಂಡವರಿಂದ, ಇಲ್ಲಾ ಬೈದವರಿಂದ. ಪಲ್ಲವರ ಮಹೇಂದ್ರವರ್ಮ ಮತ್ತವಿಲಾಸ ಪ್ರಹಸನ ಬರೆದ: ಕುಡಿದ ಕಾಪಾಲಿಕ ತನ್ನ ಬುರುಡೆ ಕಳಕೊಂಡು ಬೌದ್ಧ ಭಿಕ್ಷುವಿನ ಜೊತೆ ಜಗಳಕ್ಕೆ ಬೀಳ್ತಾನೆ, ಕೊನೆಗೆ ನೋಡಿದ್ರೆ ಅದನ್ನ ಕಚ್ಚಿಕೊಂಡು ಹೋಗಿದ್ದು ನಾಯಿ. ಭವಭೂತಿಯ ನಾಟಕದಲ್ಲಿ ಅಘೋರಘಂಟ ಹುಡುಗಿಯನ್ನ ಬಲಿ ಕೊಡೋಕೆ ಹೊರಡ್ತಾನೆ. ನಮ್ಮ ಜನ್ನನ ಯಶೋಧರ ಚರಿತೆ, 1209. ಅಲ್ಲೂ ಚಂಡಮಾರಿಗೆ ನರಬಲಿಯ ಸಿದ್ಧತೆ. ಜನ್ನನದ್ದು ಜೈನರ ಪ್ರಶ್ನೆ: ಹಿಟ್ಟಿನ ಕೋಳಿ ಮಾಡಿ ಬಲಿ ಕೊಟ್ಟರೂ ಪಾಪ ತಟ್ಟುತ್ತಾ? ತಟ್ಟುತ್ತೆ ಅನ್ನುತ್ತೆ ಆ ಕಾವ್ಯ, ಜನ್ಮ ಜನ್ಮ ಅಲೆಸುತ್ತೆ. ದಾಳ ಹಾಕಿ ಹೆಣ ಎಬ್ಬಿಸೋ ನಮ್ಮಂಥವರು ಒಂದು ನಿಮಿಷ ಯೋಚಿಸೋ ಮಾತು.

ನನ್ನನ್ನ ತುಂಬಾ ಕಾಡಿದ್ದು ಕಾಳಾಮುಖರ ಗತಿ. ಯಾಮುನಾಚಾರ್ಯರಂಥ ದೊಡ್ಡವರೇ ಇವರನ್ನ ಕಾಪಾಲಿಕರ ಪಕ್ಕ ಕೂರಿಸಿ, ಬುರುಡೆಯಲ್ಲಿ ಉಣ್ಣೋರು, ಹೆಣದ ಬೂದಿ ಬಳಿಯೋರು ಅಂತ ಬರೆದರು. ಈಗ ಶಿಕಾರಿಪುರ ತಾಲೂಕಿನ ಬಳ್ಳಿಗಾವಿಗೆ ಹೋಗಿ. ಅಲ್ಲಿನ ಕೇದಾರೇಶ್ವರ ಗುಡಿಯ ಕೋಡಿಯ ಮಠ ಕಾಳಾಮುಖರದ್ದು. ಬಿಜ್ಜಳನ ಕಾಲದ 1162ರ ಶಾಸನ ಆ ಮಠದಲ್ಲಿ ಏನೇನು ನಡೀತಿತ್ತು ಅಂತ ಹೇಳುತ್ತೆ: ನಾಲ್ಕು ವೇದದ ಪಾಠ, ಪಾಣಿನಿ ಮತ್ತೆ ಶಾಕಟಾಯನ ವ್ಯಾಕರಣ, ದರ್ಶನಗಳು, ಕಾವ್ಯ, ನಾಟಕ. ಕುರುಡರು, ಕುಂಟರು, ದಿಕ್ಕಿಲ್ಲದವರಿಗೆ ಅನ್ನ. ರೋಗಿಗಳಿಗೆ ಔಷಧಿ. ಬುರುಡೆಯ ಸುದ್ದಿಯೇ ಇಲ್ಲ. ಡೇವಿಡ್ ಲೊರೆಂಜನ್ ಅನ್ನೋ ವಿದ್ವಾಂಸ 1972ರಲ್ಲಿ ಈ ಎರಡು ಪಂಥಗಳ ಮೇಲೇ ಪುಸ್ತಕ ಬರೆದು, ಶಾಸನಗಳನ್ನೆಲ್ಲಾ ಜೋಡಿಸಿ ಕಾಳಾಮುಖರ ಮೇಲಿನ ಈ ಅಪವಾದವನ್ನ ಪ್ರಶ್ನಿಸಿದರು. ಅಷ್ಟೊತ್ತಿಗೆ ಆ ಪಂಥವೇ ಇರಲಿಲ್ಲ.

ಭಾಗ 5

ಹೆಸರು ಅಂಟಿದ್ರೆ ಹೋಗಲ್ಲ. ನಮ್ಮ ಹಾರನಹಳ್ಳಿ ಕಡೆ, ಪಿರಿಯಾಪಟ್ಟಣ, ಹುಣಸೂರು, ಕೋಟೆ ಎಲ್ಲಾ ಕಡೆ ಮಾಟ ಅಂದ ತಕ್ಷಣ ಬಾಯಿಗೆ ಬರೋ ಊರು ಕೊಳ್ಳೇಗಾಲ. ಹೊಗೆಸೊಪ್ಪಿನ ಬ್ಯಾರನ್‌ಗೆ ಬೆಂಕಿ ಬಿದ್ರೂ, ಕರು ಸತ್ರೂ, ಮದುವೆ ಮುರಿದ್ರೂ ಯಾರೋ ಕೊಳ್ಳೇಗಾಲಕ್ಕೆ ಹೋಗಿ ಬಂದವ್ರೆ ಅನ್ನೋ ಮಾತು. ಕೊಳ್ಳೇಗಾಲದೋರು ನಮ್ಮಂಗೇ ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗ್ತಾರೆ, ರೇಷ್ಮೆ ನೇಯ್ತಾರೆ. ಊರಿಗೆ ಅಂಟಿದ ಹೆಸರು ತಮಾಷೆ ಆದ್ರೂ ಆದೀತು. ಒಂಟಿ ಮನೆಯ ಮುದುಕಿಗೆ ಮಾಟಗಾತಿ ಅಂತ ಅಂಟಿದ್ರೆ? ಆ ಮನೇಲಿ ನೀರು ಕುಡಿಯೋರೂ ಇರಲ್ಲ. ಆಟದಲ್ಲಿ ಈ ಪಾತ್ರವನ್ನ ನಾವೇ ಆರಿಸ್ಕೋತೀವಿ. ಊರಲ್ಲಿ ಬೇರೆಯವರು ಹಚ್ತಾರೆ.

ಇನ್ನೊಂದು ಕಡೆ ನಿಜವಾಗ್ಲೂ ರಾತ್ರಿ ಗುಂಡಿ ತೋಡೋರಿದ್ದಾರೆ. ನಿಧಿ ಆಸೆಗೆ ಪಾಳುಗುಡಿ ಮುಂದೆ ನಿಂಬೆಹಣ್ಣು, ಕುಂಕುಮ, ಕೋಳಿ. ಬೆಳಗ್ಗೆ ನೋಡಿದ್ರೆ ನಂದಿ ಮಗುಚಿರುತ್ತೆ, ವೀರಗಲ್ಲು ಎರಡು ತುಂಡು. ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆಯೋ ನಮ್ಮ ರಾಜ್ಯದ ಕಾಯ್ದೆ 2017ರಲ್ಲಿ ಪಾಸಾಗಿ 2020ರ ಜನವರಿಯಲ್ಲಿ ಜಾರಿಗೆ ಬಂತು. ನಿಧಿಗಾಗಿ ಮಾಡೋ ವಾಮಾಚಾರ, ದೆವ್ವ ಬಿಡಿಸ್ತೀನಿ ಅಂತ ಹೊಡೆಯೋದು, ಎರಡೂ ಅದರಡಿ ಅಪರಾಧ. 1ರಿಂದ 7 ವರ್ಷ ಜೈಲು, 5,000ದಿಂದ 50,000 ರೂಪಾಯಿ ದಂಡ.

ನಿಮ್ಮೂರಲ್ಲಿ ವೀರಗಲ್ಲು ಇದ್ರೆ ಒಂದು ಫೋಟೋ ತೆಗೆದಿಡಿ, ಎಲ್ಲಿದೆ ಅಂತಾನೂ ಬರೆದಿಡಿ. ಮುಂದಿನ ಸರಣಿ ಕೊಳ್ಳೇಗಾಲದ ಕಡೆಯದ್ದೇ: ಚಿಕ್ಕಲ್ಲೂರು ಜಾತ್ರೆ ಮತ್ತು ಸಿದ್ದಪ್ಪಾಜಿ.

#ಇತಿಹಾಸ #ಬೇತಾಳ #ದೊಡ್ಡಗದ್ದವಳ್ಳಿ #ಬಳ್ಳಿಗಾವಿ #ಹಾರನಹಳ್ಳಿ